ಅಳಿಸಿದ ಕೈಯ ಮೇಲಿನ ನಂಬರು

ಚಿತ್ರದ ಕೆಳಗಿನ ಸಾಲು ಸ್ಪಷ್ಟವಾಗಿತ್ತು: ಮುಂಗೈ ಮೇಲಿನ ನಂಬರನ್ನು ಶಾಲಾ ಮಕ್ಕಳಿಗೆ ತೋರಿಸುತ್ತಿರುವ ಮಹಿಳೆ.

ಚಿತ್ರದಲ್ಲಿ ಮಹಿಳೆ ಇದ್ದರು. ಮಕ್ಕಳೂ ಇದ್ದರು. ಕೈ ಇರಲಿಲ್ಲ.

ಮೊಣಕೈಯಿಂದ ಬೆರಳ ತುದಿಯವರೆಗೆ ದಪ್ಪ ಕಪ್ಪು ಶಾಯಿ. ಅದರ ಸುತ್ತ ಏಳೆಂಟು ಮಕ್ಕಳು ಬಗ್ಗಿ ನಿಂತು ನೋಡುತ್ತಿದ್ದಾರೆ. ಏನನ್ನು? ಒಂದು ಕಪ್ಪು ಪಟ್ಟಿಯನ್ನು!

ಸೌದಿಯಲ್ಲಿರುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಊರಿನ ಓದುಗರಿಗೆ ಹೇಳಬೇಕು. ಹೊರದೇಶದ ಪತ್ರಿಕೆಗಳು ಇಲ್ಲಿ ನೇರವಾಗಿ ಅಂಗಡಿಗೆ ಬರುವುದಿಲ್ಲ. ನಡುವೆ ಒಂದು ಗೋದಾಮಿಗೆ ಹೋಗುತ್ತವೆ. ಅಲ್ಲಿ ಸಾಲಾಗಿ ಕುಳಿತ ಜನ ಕೈಯಲ್ಲಿ ಮಾರ್ಕರ್ ಹಿಡಿದು, ಹೆಂಗಸರ ಚಿತ್ರಗಳಲ್ಲಿ ಬಟ್ಟೆ ಮುಚ್ಚದೆ ಬಿಟ್ಟದ್ದನ್ನು ಶಾಯಿಯಿಂದ ಮುಚ್ಚುತ್ತಾರೆ. ಈಜುಗಾರ್ತಿಗೆ ಕಪ್ಪು ನಿಲುವಂಗಿ ಬರುತ್ತದೆ. ಸಾಬೂನಿನ ಜಾಹೀರಾತಿನ ಹುಡುಗಿಗೆ ಕಪ್ಪು ತೋಳು ಬರುತ್ತದೆ. ಒಂದೊಂದು ಪ್ರತಿಗೂ, ಕೈಯಿಂದಲೇ.

ನಾವು ಅದನ್ನು ನೋಡಿ ನಗುವುದನ್ನೂ ಬಿಟ್ಟಿದ್ದೆವು. ಈ ಕೈಯ ವಿಷಯ ಬರುವವರೆಗೆ.

ಮುಂದಿನ ವಿವರಗಳಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ಉಳಿದದ್ದು ನಾನು ನೋಡಿದ್ದು, ಅಥವಾ ನೋಡಿದವರಿಂದ ನಾನೇ ಕೇಳಿದ್ದು. ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತೇನೆ. (ಸುದ್ದಿಮನೆಯ ಹಳೆಯ ಚಾಳಿ. ಕ್ಷಮಿಸಿ.)

ಆ ಪತ್ರಿಕೆಯನ್ನು ನನಗೆ ಕೊಟ್ಟವಳು ಲಲಿತಕ್ಕ. ನನ್ನ ಸ್ವಂತ ಅಕ್ಕ, ತಾಯಿಫ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನಿರುವುದು ಜಿದ್ದಾದಲ್ಲಿ, ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ. ತಿಂಗಳಿಗೊಮ್ಮೆ ಗುರುವಾರ ಅವಳಲ್ಲಿಗೆ ಹೋಗುತ್ತೇನೆ. ಮಕ್ಕಾ ದಾಟಿ ಹೋಗುವ ನೇರ ದಾರಿ ಮುಸ್ಲಿಮರಲ್ಲದ ನಮ್ಮಂಥವರಿಗಿಲ್ಲ. ಬೋರ್ಡು ಬಂದ ಕೂಡಲೇ ಬದಿಯ ರಸ್ತೆಗೆ ಹೊರಳಿ, ಸುತ್ತು ಹಾಕಿ, ಬೆಟ್ಟ ಹತ್ತಬೇಕು. ಹತ್ತಿದ ಮೇಲೆ ಅಕ್ಕನ ಕೈಯ ನೀರುದೋಸೆ.

ಈ ಸಲ ದೋಸೆಗಿಂತ ಮೊದಲು ಪತ್ರಿಕೆ ಬಂತು.

"ನೀನು ಪೇಪರ್‌ನವ ಅಲ್ವಾ? ಇದರ ಶಾಯಿ ಇಲ್ಲದ ಪ್ರತಿ ಒಂದು ತರಿಸಿ ಕೊಡು ಮಾರಾಯ."

"ನಮ್ಮ ಆಫೀಸಿಗೆ ಬರುವುದೂ ಶಾಯಿ ಬಳಿದದ್ದೇ ಅಕ್ಕ. ಹೊರಗಿಂದ ಅಂಚೆಯಲ್ಲಿ ತರಿಸಿದರೂ ಒಡೆದು ನೋಡುತ್ತಾರೆ."

"ಹಾಗಾದ್ರೆ ಎಂತ ಪೇಪರ್‌ನವ ನೀನು?"

ಪ್ರತಿ ಬೇಕಾಗಿದ್ದದ್ದು ಅವಳಿಗಲ್ಲ. ಅವಳ ವಾರ್ಡಿನ ಹಿರಿಯ ನರ್ಸ್ ಹೆಲೆನಾ ಅವರಿಗೆ. ಹಾಲೆಂಡಿನವರು, ಐವತ್ತು ದಾಟಿದವರು. ಒಂಟಿ. ಅಂದು ಸಂಜೆ ಅಕ್ಕ ಅವರನ್ನು ಚಹಾಕ್ಕೆ ಕರೆದಿದ್ದಳು. ನನ್ನನ್ನು ಒಪ್ಪಿಸಲಿಕ್ಕೆ ಎಂದು ಆಮೇಲೆ ತಿಳಿಯಿತು.

ಲೇಖನ ಅಮೆರಿಕದ ಒಂದು ಊರಿನ ಕೇಂದ್ರದ ಬಗ್ಗೆ ಇತ್ತು. ನಲವತ್ತು ವರ್ಷದ ಹಿಂದೆ, ಹಿಟ್ಲರನ ಕಾಲದಲ್ಲಿ, ಯಹೂದಿಗಳನ್ನು ಕೂಡಿ ಹಾಕಿ ಕೊಂದ ಕತೆಯನ್ನು ಕಲಿಸುವ, ಸತ್ತವರನ್ನು ನೆನೆಯುವ ಕೇಂದ್ರ. ಸರಕಾರ ಕಟ್ಟಿದ್ದಲ್ಲ. ಊರವರು ಸೇರಿ ಒಂದು ಹಳೆಯ ಬೇಕರಿಯನ್ನು ಗುಡಿಸಿ, ಸುಣ್ಣ ಹೊಡೆದು, ಬೆಂಚು ಹಾಕಿದ್ದಾರೆ. ಗೋಡೆ ತುಂಬ ಮನೆಮಂದಿಯ ಫೋಟೋಗಳು. ವಾರಕ್ಕೊಮ್ಮೆ ಶಾಲೆಯ ಮಕ್ಕಳು ಬರುತ್ತಾರೆ. ಬದುಕಿ ಉಳಿದವರು ಬಂದು ಮಾತಾಡುತ್ತಾರೆ. ಅಲ್ಲಿ ಒಂದು ನಿಯಮ ಉಂಟಂತೆ: ತಾನು ಕಂಡದ್ದನ್ನು ಮಾತ್ರ ಹೇಳಬೇಕು, ಕೇಳಿದ್ದನ್ನು ಹೇಳಬಾರದು. (ನಮ್ಮ ಡೆಸ್ಕಿಗೂ ಈ ನಿಯಮ ಬಂದರೆ ಪತ್ರಿಕೆ ಎರಡೇ ಪುಟ.)

ಇಂಥ ಲೇಖನ ಈ ದೇಶದಲ್ಲಿ ಹೇಗೆ ಉಳಿಯಿತು? ನನಗೆ ಗೊತ್ತಿಲ್ಲ. ಇಲ್ಲಿ ಈ ವಿಷಯ ಮಾತಾಡುವುದು ಸುಲಭವಲ್ಲ. ಅದಕ್ಕೆ ಕಾರಣಗಳಿವೆ, ಕೆಲವು ಕಾರಣಗಳ ಹಿಂದೆ ಬೇರೆಯವರ ನೋವೂ ಇದೆ. ಬಹುಶಃ ಚಿತ್ರ ಹುಡುಕುವ ಕಣ್ಣು ಅಕ್ಷರ ಓದಲಿಲ್ಲ. ಅಷ್ಟೇ ಇರಬೇಕು.

ಹೆಲೆನಾ ಚಹಾ ಮುಟ್ಟದೆ ತಮ್ಮ ಕತೆ ಹೇಳಿದರು. ನಾನು ಕೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಅವರು ಮಗುವಾಗಿದ್ದಾಗ ಪಕ್ಕದ ಮನೆಯಲ್ಲಿ ಒಂದು ಯಹೂದಿ ಸಂಸಾರ. ಆ ಮನೆಯ ಹುಡುಗಿ ಎಸ್ತರ್, ಇವರಿಗಿಂತ ಏಳೆಂಟು ವರ್ಷ ದೊಡ್ಡವಳು. ಇವರ ಜಡೆ ಹಾಕುತ್ತಿದ್ದವಳು ಅವಳೇ. ಒಂದು ದಿನ ಹೆಲೆನಾ ಒಲೆಯ ಮೇಲಿನ ಹಾಲಿನ ಪಾತ್ರೆಗೆ ಕೈ ಹಾಕಿದರು. ಎಸ್ತರ್ ಇವರನ್ನು ಎಳೆದುಕೊಂಡಳು. ಬಿಸಿ ಪಾತ್ರೆ ಅವಳ ಎಡಗೈಗೆ ತಗುಲಿತು, ಮೊಣಕೈಯ ಕೆಳಗೆ. ಸುಟ್ಟ ಕಲೆ ಹಾಗೇ ಉಳಿಯಿತು.

ಮತ್ತೊಂದು ದಿನ ಎಸ್ತರ್‌ಳ ತಾಯಿ ತಮ್ಮ ಹೊಲಿಗೆ ಮೆಷಿನನ್ನು ಹಿತ್ತಲಿನ ಬಾಗಿಲಿಂದ ಇವರ ಮನೆಗೆ ತಂದರು. "ಇಟ್ಟುಕೊಳ್ಳಿ, ಬಂದ ಮೇಲೆ ತೆಗೆದುಕೊಂಡು ಹೋಗುತ್ತೇವೆ" ಎಂದರು. ಆ ವಾರವೇ ಹಿಟ್ಲರನ ಕಡೆಯವರು ಮನೆಯವರನ್ನೆಲ್ಲ ಕರೆದೊಯ್ದರು. ಯಾರೂ ಬರಲಿಲ್ಲ.

ಯುದ್ಧದಲ್ಲಿ ಆ ಬೀದಿಯೇ ಬಾಂಬಿಗೆ ಹೋಯಿತು. ಇವರ ಮನೆಯವರು ಬೇರೆ ಊರಿಗೆ ಹೋದರು. ಹೋಗುವಾಗ ಮಂಚ ಬಿಟ್ಟರು, ಮೇಜು ಬಿಟ್ಟರು, ಮೆಷಿನು ಹೊತ್ತುಕೊಂಡು ಹೋದರು. ಹೆಲೆನಾರ ತಾಯಿ ಸಾಯುವವರೆಗೂ ಅದರಲ್ಲಿ ಒಂದು ಹೊಲಿಗೆ ಹಾಕಲಿಲ್ಲ, ಹಾಕಗೊಡಲಿಲ್ಲ. ಈಗ ಅದು ಹಾಲೆಂಡಿನಲ್ಲಿ ಹೆಲೆನಾರ ಮನೆಯ ಮಹಡಿಯಲ್ಲಿದೆ.

ಚಿತ್ರದ ಮಹಿಳೆಯ ಹೆಸರು ಎಸ್ತರ್. ಕುಟುಂಬದ ಹೆಸರು ಬೇರೆ. ಮದುವೆಯಾಗಿ ಬದಲಾಗಿರಬಹುದು. ಮುಖ? "ಒಮ್ಮೆ ನೋಡಿದರೆ ಅವಳೇ, ಇನ್ನೊಮ್ಮೆ ನೋಡಿದರೆ ಯಾರೋ" ಎಂದರು ಹೆಲೆನಾ.

ಹಾಗಾದರೆ ಕೇಂದ್ರಕ್ಕೆ ಒಂದು ಕಾಗದ ಬರೆದರೆ ಆಗದೆ? ನಾನು ಕೇಳಿದೆ. ಜಾಣ ಪ್ರಶ್ನೆ ಎಂದುಕೊಂಡಿದ್ದೆ.

ಹಿಂದೆ ಎರಡು ಸಲ ಬರೆದಿದ್ದರಂತೆ, ಬೇರೆ ಇಬ್ಬರು ಎಸ್ತರ್‌ಗಳಿಗೆ. ಇಬ್ಬರೂ ಇವರ ಎಸ್ತರ್ ಅಲ್ಲ. ಅವರಲ್ಲಿ ಒಬ್ಬಾಕೆ ಹಾಲೆಂಡಿನ ಅಂಚೆಚೀಟಿ ನೋಡಿ, ಕಳೆದುಹೋದ ತನ್ನ ತಂಗಿಯದೇ ಸುದ್ದಿ ಬಂತೆಂದು ಕಾಗದ ಒಡೆದರಂತೆ. "ಅವರ ಉತ್ತರ ಓದಿದ ಮೇಲೆ ನಿಶ್ಚಯ ಮಾಡಿದೆ. ಖಚಿತವಾಗದೆ ಇನ್ನು ಯಾರ ಬಾಗಿಲನ್ನೂ ತಟ್ಟುವುದಿಲ್ಲ."

ಖಚಿತಪಡಿಸಲು ಇದ್ದದ್ದು ಒಂದೇ ಗುರುತು. ಅದರ ಮೇಲೆ ಶಾಯಿ.

ಅಕ್ಕ ನರ್ಸ್ ಅಲ್ಲವೇ, ಹತ್ತಿಗೆ ಸ್ಪಿರಿಟ್ ಹಾಕಿ ಉಜ್ಜಿ ನೋಡಿದ್ದಳು. ಶಾಯಿಯ ಜೊತೆ ಕೆಳಗಿನ ಚಿತ್ರವೂ ಎದ್ದು ಬಂತು. ಪಕ್ಕದ ಮಗುವಿನ ಮುಖ ಮಸಿಯಾಯಿತು. "ನನ್ನ ತಪ್ಪಿಗೆ ಆ ಮಗು ಎಂತ ಮಾಡಿತ್ತು ಪಾಪ" ಎಂದಳು. ಜಿದ್ದಾಕ್ಕೆ ಬಂದು ನಮ್ಮ ಆಫೀಸಿನ ಪ್ರತಿ ತೆಗೆದೆ. ಅಲ್ಲಿಯೂ ಅದೇ ಕಪ್ಪು. ಕಿಟಕಿಯ ಬೆಳಕಿಗೆ ಹಿಡಿದೆ. ಏನೂ ಇಲ್ಲ.

ಆಗ ನೆನಪಾದವರು ಹಸನಾಕ.

ಜಿದ್ದಾದ ಶರಫಿಯಾ ಬಡಾವಣೆಯ ಹೋಟೆಲೊಂದರಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ನಾವು ಕೆಲವರು ಒಂದೇ ಮೇಜಿಗೆ ಸೇರುತ್ತೇವೆ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ, ಊರಿನ ಸುದ್ದಿ. ಹಸನಾಕ ಉಳ್ಳಾಲದ ಬ್ಯಾರಿ ಮುಸ್ಲಿಮರು, ಆಗ ಅಂಥದೊಂದು ಗೋದಾಮಿನಲ್ಲಿ ಮಾರ್ಕರ್ ಹಿಡಿಯುವ ಕೆಲಸ. ಎಷ್ಟು ತೊಳೆದರೂ ಬೆರಳ ತುದಿ ಕಪ್ಪು. ಮೇಜಿನವರಿಗೆ ಅದೇ ತಮಾಷೆ.

"ಹಸನಾಕ, ಈ ವಾರ ಎಷ್ಟು ಹೆಂಗಸರ ಮಾನ ಕಾಪಾಡಿದ್ರಿ?"

"ಅವರದ್ದಲ್ಲ ಮಾರಾಯ್ರೆ, ನಿಮ್ಮ ಕಣ್ಣು ಕಾಪಾಡಿದ್ದು!"

ಆ ಶುಕ್ರವಾರ ಉಳಿದವರು ಎದ್ದು ಹೋಗುವವರೆಗೆ ಕಾದೆ. ಆಮೇಲೆ ಕನ್ನಡ ವಾರಪತ್ರಿಕೆಯ ಒಳಗಿಟ್ಟಿದ್ದ ಪುಟ ತೆಗೆದೆ. ಹಸನಾಕ ಒಮ್ಮೆ ನೋಡಿ ಕೂಡಲೇ ಮಡಚಿದರು.

"ಶೆಟ್ರೆ, ಇದೆಲ್ಲ ಇಲ್ಲಿ ತೆಗೀಬೇಡಿ. ನಮ್ಮ ಮ್ಯಾನೇಜರನ ಕಿವಿಗೆ ಬಿದ್ರೆ ಇಕಾಮಾ ಹೋಯ್ತು, ಇಲ್ಲಿರ್ಲಿಕ್ಕೆ ಪರ್ಮಿಟ್ಟೇ ಇಲ್ಲ, ನಾನು ವಿಮಾನದಲ್ಲಿ."

"ಶಾಯಿ ಇಲ್ಲದ ಪ್ರತಿ ಒಂದಾದರೂ ಉಂಟಾ?"

"ಒಂದೂ ಇಲ್ಲ. ಎಣಿಸಿ ಕೊಡ್ತಾರೆ, ಎಣಿಸಿ ತಗೊಳ್ತಾರೆ. ಇದ್ರೂ ಕೊಡ್ತಿರಲಿಲ್ಲ. ಬೇಜಾರು ಮಾಡ್ಬೇಡಿ."

ಬೇಜಾರು ಮಾಡಲಿಕ್ಕೆ ನನಗೆ ಹಕ್ಕಿರಲಿಲ್ಲ. ಪುಟ ಒಳಗಿಟ್ಟೆ. ಸುಮ್ಮನೆ ಹೊಲಿಗೆ ಮೆಷಿನಿನ ಕತೆ ಹೇಳಿದೆ. ಕೈಯ ಕಲೆಯ ಮಾತು ಮಾತ್ರ ಎತ್ತಲಿಲ್ಲ. ಬೇಕೆಂದೇ ಎತ್ತಲಿಲ್ಲ. ಕಂಡವನ ಬಾಯಿಗೆ ನಾವೇ ಉತ್ತರ ಇಟ್ಟರೆ, ಆಮೇಲೆ ಆ ಉತ್ತರಕ್ಕೆ ಬೆಲೆಯಿಲ್ಲ.

ಹಸನಾಕ ಚಹಾದ ಗ್ಲಾಸು ಕೆಳಗಿಟ್ಟರು.

"ಯಾರದ್ದೋ ಮೆಷಿನು, ನಲವತ್ತು ವರ್ಷದಿಂದ ಇವರ ಮನೆಯಲ್ಲುಂಟು?"

"ಹೌದು."

"ಒಂದು ಬಟನೂ ಹೊಲಿಯಲಿಲ್ಲ?"

"ಇಲ್ಲವಂತೆ."

"ಅದು ಅಮಾನತ್ತು ಶೆಟ್ರೆ." ಸ್ವರ ಬದಲಾಗಿತ್ತು. "ನಂಬಿ ಇಟ್ಟದ್ದು. ಅದನ್ನು ಮುಟ್ಟಿಸದೆ ಆ ಹೆಂಗಸು ಹೇಗೆ ನಿದ್ದೆ ಮಾಡ್ತಾರೆ? ನನ್ನ ಹತ್ರ ಪ್ರತಿ ಇಲ್ಲ. ಬೇರೆ ಎಂತ ಬೇಕು ಕೇಳಿ."

"ಆ ಕೈ ನೆನಪುಂಟಾ?"

"ನೆನಪುಂಟಾ ಅಂತ ಕೇಳ್ತೀರಲ್ಲ! ಆರುನೂರು ಪ್ರತಿ ನನ್ನ ಕೈಯಲ್ಲೇ ಹೋದದ್ದು. ಕೈ ಮೇಲೆ ನಂಬರಿತ್ತು." ಫೋನ್ ನಂಬರು ಹೇಳುವ ಹಾಗೆ ಅಂಕಿಗಳನ್ನು ಒಂದೊಂದಾಗಿ ಹೇಳಿದರು. ತಡವರಿಸಲಿಲ್ಲ.

ಇಂಗ್ಲಿಷ್ ಓದಲು ಹಸನಾಕರಿಗೆ ಬರುವುದಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆ. ಅಂಕಿ ಗೊತ್ತು.

"ಆ ನಂಬರು ಯಾಕೆ ನೆನಪಿಟ್ಟುಕೊಂಡಿರಿ?"

ಅವರು ಸ್ವಲ್ಪ ನಾಚಿದರು. ಮೂರು ವರ್ಷದ ಹಿಂದೆ ಅವರ ತಾಯಿ ಹಜ್‌ಗೆ ಬಂದಿದ್ದರಂತೆ. ಊರು ಬಿಟ್ಟು ಮೊದಲ ಸಲ. ಓದಲು ಬಾರದು, ಬ್ಯಾರಿ ಬಿಟ್ಟರೆ ಬೇರೆ ಭಾಷೆ ಬಾರದು. ಮಕ್ಕಾದ ಹತ್ತಿರ ಹಾಜಿಗಳು ತಂಗುವ ಮಿನಾದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದೇ ಬಣ್ಣದ ಡೇರೆಗಳು.

"ಚೀಟಿ ಕೊಟ್ರೆ ಉಮ್ಮ ಬೀಳಿಸ್ತಾರೆ. ಅದಕ್ಕೆ ಬಾಲ್‌ಪೆನ್ನಿನಲ್ಲಿ ಅವರ ಮುಂಗೈಯಲ್ಲೇ ಡೇರೆಯ ನಂಬರು ಬರೆದೆ. ತಪ್ಪಿಹೋದ್ರೆ ಯಾರಿಗಾದ್ರೂ ಕೈ ತೋರಿಸಿ ಉಮ್ಮಾ, ಅವರು ತಂದು ಬಿಡ್ತಾರೆ ಅಂತ ಹೇಳಿದೆ. ಈ ಚಿತ್ರದ ಅಜ್ಜಿಯನ್ನು ಕಂಡಾಗ ಅದೇ ನೆನಪಾಯ್ತು. ಇವರಿಗೂ ಒಬ್ಬ ಒಳ್ಳೆ ಮಗ ಇದ್ದಾನೆ, ದಾರಿ ತಪ್ಪಬಾರದು ಅಂತ ಬರೆದಿದ್ದಾನೆ ಅಂತ. ಅದನ್ನು ಅಳಿಸ್ಲಿಕ್ಕೆ ಕೈ ಬರ್ಲಿಲ್ಲ ಮೊದಲು. ಅಳಿಸಿದ್ರೆ ಅಜ್ಜಿ ಮನೆಗೆ ಹೋಗುದು ಹೇಗೆ? ಅದಕ್ಕೆ ಬಾಯಿಪಾಠ ಮಾಡಿದೆ. ಹುಚ್ಚು!"

ಅವರು ನಕ್ಕರು. ನನಗೆ ನಗಲು ಆಗಲಿಲ್ಲ.

ಆ ಕ್ಷಣದಲ್ಲೇ ನಿಜ ಹೇಳಬೇಕಿತ್ತೋ ಏನೋ. ನಾನು ಹೇಳಲಿಲ್ಲ. ನನಗೆ ಬೇಕಾದ ಉತ್ತರ ಇನ್ನೂ ಬಂದಿರಲಿಲ್ಲ.

"ಆ ಕೈಯಲ್ಲಿ ಬೇರೆ ಏನಾದರೂ ಇತ್ತಾ?"

"ಬೇರೆ... ಹಾಂ, ಒಂದು ಕಲೆ. ಮೊಣಕೈ ಹತ್ರ. ಪ್ರಿಂಟಿಂಗಿನ ತಪ್ಪು ಅಂತ ಮಾಡಿದೆ. ಎಲ್ಲ ಪ್ರತಿಯಲ್ಲೂ ಅಲ್ಲೇ ಇತ್ತು, ಹಾಗಾದ್ರೆ ಕೈಯದ್ದೇ ಇರಬೇಕು." ಚಹಾಕ್ಕೆ ಬೆರಳು ಅದ್ದಿ ಮೇಜಿನ ಮೇಲೆ ಒಂದು ಗೆರೆ ಎಳೆದರು. ಬಾಗಿದ ಗೆರೆ, ಬಿದಿಗೆಯ ಚಂದ್ರನಂತೆ. ಅದು ಆರುವ ಮೊದಲು ನಾನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಆಮೇಲೆ ಹೇಳಿದೆ. ಆ ನಂಬರು ಬರೆದದ್ದು ಮಗನಲ್ಲ, ಕ್ಯಾಂಪಿನವರು.

"ಕ್ಯಾಂಪ್ ಅಂದ್ರೆ? ನಾನು ಜುಬೈಲಿನಲ್ಲಿ ಕೆಲಸದವರ ಕ್ಯಾಂಪಲ್ಲಿ ಎರಡು ವರ್ಷ ಇದ್ದೆ. ನಮಗೂ ನಂಬರಿತ್ತು, ಬಸ್ಸಿಗೆ, ಊಟಕ್ಕೆ."

ಅಲ್ಲ ಹಸನಾಕ, ಅದು ಬೇರೆ, ಇದು ಬೇರೆ. ನಿಮ್ಮ ಬಸ್ಸು ಸಂಜೆ ವಾಪಸು ಬರುತ್ತಿತ್ತು. ಅಲ್ಲಿ ರೈಲಿನಲ್ಲಿ ತುಂಬಿಸಿ ತಂದರು, ಹೆಚ್ಚಿನವರನ್ನು ಇಳಿಸಿದ ದಿನವೇ ಕೊಂದರು. ಮುದುಕರನ್ನು, ಮಕ್ಕಳನ್ನು, ತಾಯಂದಿರನ್ನು. ದುಡಿಸಲು ಉಳಿಸಿಕೊಂಡವರ ಕೈಗೆ ಸೂಜಿಯಿಂದ ಚುಚ್ಚಿ ನಂಬರು ಹಾಕಿದರು. ಆಮೇಲೆ ಹೆಸರು ಹಿಡಿದು ಕರೆಯಲಿಲ್ಲ.

ಹಸನಾಕ ತಮ್ಮ ಕಪ್ಪು ಬೆರಳುಗಳನ್ನು ನೋಡಿಕೊಂಡರು. ಹೋಟೆಲಿನವ ಬಂದು ಮೇಜು ಒರೆಸಿದ. ಚಹಾದ ಗೆರೆಯೂ ಹೋಯಿತು.

"ತೊಳೆದ್ರೆ ಹೋಗುದಿಲ್ವಾ ಅದು?"

"ಇಲ್ಲ."

"ನಾನು ಆರುನೂರು ಸಲ ಅಳಿಸಿದೆನಲ್ಲ ಶೆಟ್ರೆ. ಒಳ್ಳೆದು ಮಾಡಿದ್ನಾ, ಕೆಟ್ಟದು ಮಾಡಿದ್ನಾ?"

ಇಪ್ಪತ್ತು ವರ್ಷದಿಂದ ಪತ್ರಿಕೆಯಲ್ಲಿದ್ದೇನೆ. ಸತ್ತ ಯಹೂದಿಗಳು ಅರವತ್ತು ಲಕ್ಷ ಎಂಬ ಅಂಕಿಯನ್ನು ಎಷ್ಟೋ ಸಲ ತಿದ್ದಿದ್ದೇನೆ, ಸೊನ್ನೆಗಳು ಸರಿಯಿವೆಯೇ ಎಂದು ನೋಡಿ ಮುಂದಕ್ಕೆ ಕಳಿಸಿದ್ದೇನೆ. ಯಾವ ಸಲವೂ ಇಂಥ ಪ್ರಶ್ನೆ ನನಗೆ ಹುಟ್ಟಿರಲಿಲ್ಲ.

ಹಸನಾಕ ಹೇಳಿದ್ದನ್ನೆಲ್ಲ ಹಿಂಬದಿಯಲ್ಲಿ ಬರೆದು, ನೋಟ್‌ಬುಕ್ಕಿನ ಹಾಳೆಯನ್ನು ತಾಯಿಫ್‌ಗೆ ಹೋಗುವವರ ಕೈಯಲ್ಲಿ ಕಳಿಸಿದೆ. ಎರಡು ದಿನ ಕಳೆದು ಅಕ್ಕನ ಫೋನು.

"ಹಾಳೆ ಕೊಟ್ಟೆ. ಅವರು ಎಂತ ಮಾಡಿದ್ರು ಗೊತ್ತುಂಟಾ? ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ತಂದು, ಅದರ ಅಂಚನ್ನು ತಮ್ಮ ಕೈಗೆ ಒತ್ತಿ ಹಿಡಿದ್ರು. ಮತ್ತೆ ಹಾಳೆ ಪಕ್ಕ ಇಟ್ರು. ಅದೇ ಬಾಗು ಮಾರಾಯ. ಅದೇ ಬಾಗು."

ಕಲೆಯ ಆಕಾರ ಹೇಗಿತ್ತೆಂದು ಹೆಲೆನಾ ನನಗೆ ಹೇಳಿರಲಿಲ್ಲ. ನಾನು ಹಸನಾಕರಿಗೆ ಕಲೆಯಿದೆಯೆಂದೇ ಹೇಳಿರಲಿಲ್ಲ. ಡೆಸ್ಕಿನಲ್ಲಿ ಇಷ್ಟು ಸಾಕ್ಷ್ಯಕ್ಕೆ ನಾವು ಮುಖಪುಟ ಕೊಡುತ್ತೇವೆ. ಹೆಲೆನಾ ಕಾಗದ ಬರೆದರು. ಇಲ್ಲಿಂದ ಅಂಚೆಗೆ ಹಾಕಲಿಲ್ಲ. ರಜೆಯಲ್ಲಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರ ಚೀಲದಲ್ಲಿ ಕಳಿಸಿದರು. ನಂಬರನ್ನು ಅದರಲ್ಲಿ ಬರೆಯಲಿಲ್ಲವಂತೆ. ಹಾಲಿನ ಪಾತ್ರೆಯನ್ನು ಮಾತ್ರ ಬರೆದರು. ನಾನೂ ಆ ನಂಬರನ್ನು ಇಲ್ಲಿ ಬರೆಯುವುದಿಲ್ಲ.

ಅದಾಗಿ ಮೂರು ತಿಂಗಳಿಗೆ ಹೆಲೆನಾರ ಕಾಂಟ್ರಾಕ್ಟ್ ಮುಗಿಯಿತು. ಊರಿಗೆ ಹೋದರು. ಅಷ್ಟರಲ್ಲಿ ಹಸನಾಕ ಕೂಡ ಗೋದಾಮು ಬಿಟ್ಟಿದ್ದರು. ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಒಪ್ಪಿಗೆ ಪಡೆದು, ಈಗ ಶರಫಿಯಾದಲ್ಲೇ ಸಂಬಂಧಿಕರ ಬಟ್ಟೆಯಂಗಡಿಯಲ್ಲಿದ್ದಾರೆ. (ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು.) ಬೆರಳ ಕಪ್ಪು ಹೋಗಿದೆ. ಯಾಕೆ ಬಿಟ್ಟಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಾಗಾಗಿ ಕಾರಣ ಇದೇ ಎಂದು ಬರೆಯಲಾರೆ.

ಕಳೆದ ವಾರ ಅಕ್ಕನಿಗೆ ಹೆಲೆನಾರ ಕಾಗದ ಬಂತು. ಅವಳು ಫೋನಿನಲ್ಲಿ ಓದಿದಳು, ನಾನು ಬರೆದುಕೊಂಡೆ.

ಅವಳೇ ಎಸ್ತರ್. ಮನೆಯವರಲ್ಲಿ ಉಳಿದವಳು ಅವಳೊಬ್ಬಳೇ. ಮೆಷಿನು ಹಡಗು ಹತ್ತಿದೆ. ಅದನ್ನು ಕೇಂದ್ರದಲ್ಲಿ ಇಡೋಣ, ಮಕ್ಕಳು ನೋಡಲಿ ಎಂದು ಅಲ್ಲಿಯವರು ಕೇಳಿದರಂತೆ. ಎಸ್ತರ್ ಆಗದು ಎಂದಳಂತೆ. ಅದು ನೋಡುವ ವಸ್ತುವಲ್ಲ, ಹೊಲಿಯುವ ವಸ್ತು, ಮೊದಲು ಎಣ್ಣೆ ಬಿಡಬೇಕು ಎಂದಳಂತೆ.

ಕೊನೆಯಲ್ಲಿ ನಾಲ್ಕು ಸಾಲು ಹಸನಾಕರಿಗೆ. ಹೆಲೆನಾ ತಮ್ಮ ಎರಡನೇ ಕಾಗದದಲ್ಲಿ ಹಸನಾಕರ ಹೆಸರು ಹೇಳದೆ, ಅವರ ಕತೆಯನ್ನು ಎಸ್ತರ್‌ಗೆ ಬರೆದಿದ್ದರು. ಡೇರೆಯ ನಂಬರು, ಬಾಲ್‌ಪೆನ್ನು, ಒಳ್ಳೆಯ ಮಗ, ಬಾಯಿಪಾಠ, ಎಲ್ಲ. ಎಸ್ತರ್ ಧನ್ಯವಾದ ಹೇಳಿ ಕಳಿಸಿರಲಿಲ್ಲ. ಒಂದು ಪ್ರಶ್ನೆ ಕೇಳಿ ಕಳಿಸಿದ್ದಳು: ಆ ತಾಯಿ ತಮ್ಮ ಡೇರೆಗೆ ತಿರುಗಿ ಬಂದರಾ?

ಮೊನ್ನೆ ಶುಕ್ರವಾರ ಅಂಗಡಿಗೆ ಹೋಗಿ ಓದಿ ಹೇಳಿದೆ. ಹಸನಾಕ ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡರು. ಆಮೇಲೆ ನನಗೆ ಬೆನ್ನು ಹಾಕಿ ಬಟ್ಟೆಯ ತಾನುಗಳನ್ನು ಸರಿಮಾಡತೊಡಗಿದರು. ಸರಿಯಾಗಿಯೇ ಇದ್ದವು.

"ಬರೀರಿ ಶೆಟ್ರೆ. ಎರಡು ಸಲ ದಾರಿ ತಪ್ಪಿತು. ಎರಡು ಸಲವೂ ಯಾರೋ ಕೈ ನೋಡಿ ತಂದು ಬಿಟ್ರು. ಯಾವ ಊರಿನವರೋ, ಉಮ್ಮನಿಗೆ ಗೊತ್ತಾಗಲಿಲ್ಲ. ಊರಿಗೆ ಹೋಗಿ ಎಷ್ಟೋ ದಿನ ಆ ಶಾಯಿ ಪೂರ್ತಿ ಹೋಗ್ಲಿಲ್ಲ ಅಂತ ನನಗೆ ಬೈತಿದ್ರು."

ಹಾಗೆಯೇ ಇಂಗ್ಲಿಷಿನಲ್ಲಿ ಬರೆದು ಹೆಲೆನಾರಿಗೆ ಕಳಿಸಿದ್ದೇನೆ. ಒಂದು ಪದವನ್ನೂ ತಿದ್ದಿಲ್ಲ. ಅಲ್ಲಿ ಬೆಂಚಿನ ಮೇಲೆ ಕೂರುವ ಮಕ್ಕಳಿಗೆ ಎಸ್ತರ್ ಇನ್ನು ಮುಂದೆ ಯಾವ ಕೈಯ ಕತೆಯನ್ನು ಮೊದಲು ಹೇಳುತ್ತಾಳೆ, ತನ್ನದನ್ನೋ, ಆ ಉಮ್ಮನದನ್ನೋ?